ಸೆಟ್ ಸತ್ತಿಲ್ಲ, ಪ್ಯಾಕ್ ಸತ್ತಿದೆ

ಹತ್ತು ವರ್ಷ ಬೀರುವಿನಲ್ಲಿದ್ದ ಹ್ಯಾಂಡಿಯನ್ನು, ಅಂದರೆ ಕೈಯಲ್ಲಿ ಹಿಡಿದು ಮಾತಾಡುವ ರೇಡಿಯೊ ಸೆಟ್ಟನ್ನು, ಹೊರತೆಗೆದು ಒಂದು ರಾತ್ರಿ ಚಾರ್ಜಿಗೆ ಹಾಕಿದರೆ ಬೆಳಿಗ್ಗೆ ಅದು ಎದ್ದೇ ಕೂತಿರುತ್ತದೆ. ಡಿಸ್‌ಪ್ಲೇ ಬೆಳಗುತ್ತದೆ, ರಿಪೀಟರಿನಲ್ಲಿ ಯಾರೋ ಮಾತಾಡುತ್ತಿರುವುದು ಸ್ವಚ್ಛವಾಗಿ ಕೇಳುತ್ತದೆ. ಉತ್ತರ ಕೊಡೋಣವೆಂದು ಪಿಟಿಟಿ ಗುಂಡಿ ಒತ್ತಿದ ಕ್ಷಣ ಎಲ್ಲವೂ ಆರಿಹೋಗುತ್ತದೆ. ಬೆರಳು ತೆಗೆದರೆ ಮತ್ತೆ ಜೀವ. ಹ್ಯಾಮ್‌ಗಳಲ್ಲಿ, ಅಂದರೆ ಹವ್ಯಾಸಿ ರೇಡಿಯೊ ಬಳಸುವವರಲ್ಲಿ, ಈ ಅನುಭವ ಆಗದವರು ಕಡಿಮೆ. ಸೆಟ್ಟೇ ಕೆಟ್ಟಿತೆಂದುಕೊಂಡು ಅದನ್ನು ಮತ್ತೆ ಬೀರುವಿಗೆ ಸೇರಿಸಿದವರೂ ಬಹಳ.

ಕೆಟ್ಟಿರುವುದು ಸೆಟ್ಟಲ್ಲ ಎಂಬುದನ್ನು ಸಣ್ಣ ಲೆಕ್ಕವೊಂದು ತೋರಿಸುತ್ತದೆ. 7.2 ವೋಲ್ಟಿನ ಪ್ಯಾಕ್ ಒಂದರ ಒಳರೋಧ ವಯಸ್ಸಾಗಿ ಒಂದೂವರೆ ಓಮ್‌ಗೆ ಏರಿದೆ ಎಂದುಕೊಳ್ಳಿ. ಬರೀ ಕೇಳುವಾಗ ರೇಡಿಯೊ ಎಳೆಯುವುದು 0.1 ಆಂಪಿಯರ್ ಆಸುಪಾಸು. ಒಳರೋಧದಲ್ಲಿ ಕಳೆದುಹೋಗುವುದು ಬರೀ 0.15 ವೋಲ್ಟ್. ಯಾರಿಗೂ ಗೊತ್ತೇ ಆಗುವುದಿಲ್ಲ. 5 ವಾಟ್ ಪ್ರಸಾರಕ್ಕೆ ಸುಮಾರು 1.5 ಆಂಪಿಯರ್ ಬೇಕು. ಆಗ ಪ್ಯಾಕಿನೊಳಗೇ 2.25 ವೋಲ್ಟ್ ನುಂಗಿಹೋಗಿ ರೇಡಿಯೊಗೆ ಸಿಗುವುದು 5 ವೋಲ್ಟಿಗೂ ಕಡಿಮೆ. ಅಷ್ಟರಲ್ಲಿ ಅದು ನಿಲ್ಲಲಾರದು. ಬರೀ ಮಲ್ಟಿಮೀಟರ್ ಹಿಡಿದು ನೋಡಿದರೆ ಇದೇ ಪ್ಯಾಕ್ ಏಳೂವರೆ ವೋಲ್ಟ್ ತೋರಿಸಿ ನಂಬಿಸುತ್ತದೆ. ಹಾಗಾಗಿ ಬಲ್ಲವರು 10 ಓಮ್, 10 ವಾಟಿನ ರೆಸಿಸ್ಟರ್ ಒಂದನ್ನು ಪ್ಯಾಕಿಗೆ ಅಡ್ಡ ಕಟ್ಟಿ, ಭಾರ ಹೊತ್ತಾಗ ವೋಲ್ಟೇಜ್ ಎಷ್ಟು ಕುಸಿಯುತ್ತದೆ ಎಂದು ನೋಡುತ್ತಾರೆ. ಬ್ಯಾಟರಿಯ ಸತ್ಯ ಹೊರಬೀಳುವುದು ಕೆಲಸಕ್ಕೆ ಹಚ್ಚಿದಾಗ.

ಈಗ ಹೊಸ ಚೀನೀ ಹ್ಯಾಂಡಿ ಹಳೆಯ ಜಪಾನೀ ಸೆಟ್ಟಿನ ಪ್ಯಾಕಿನಷ್ಟೇ ಬೆಲೆಗೆ ಸಿಗುತ್ತದೆ. ಇಷ್ಟೆಲ್ಲ ಪಾಡು ಯಾಕೆ ಎಂಬ ಪ್ರಶ್ನೆ ಸಹಜ. ಉತ್ತರ ಸೆಟ್ಟಿನ ಒಳಗಿದೆ. 2012ರಲ್ಲಿ ಬಂದ ಬಾವೋಫೆಂಗ್ ಯುವಿ-5ಆರ್ ಮತ್ತು ಅದರ ಬಳಗ ಇಡೀ ರಿಸೀವರನ್ನು ಒಂದೇ ಚಿಪ್ಪಿಗೆ ಇಳಿಸಿದವು. ಬೆಲೆ ಇಳಿದದ್ದು ಅದರಿಂದ. ಹಳೆಯ ಐಕಾಮ್, ಯೇಸು, ಕೆನ್‌ವುಡ್ ಸೆಟ್ಟುಗಳಲ್ಲಿದ್ದದ್ದು ಸೂಪರ್‌ಹೆಟ್ ರಿಸೀವರ್, ಹಂತಹಂತವಾಗಿ ಫಿಲ್ಟರುಗಳು. ಟವರುಗಳು ಕಿಕ್ಕಿರಿದ ಬೆಂಗಳೂರಿನಂಥ ಊರಿನಲ್ಲಿ, ಪಕ್ಕದ ಬಲವಾದ ಸಿಗ್ನಲ್ಲಿನ ನಡುವೆ ದೂರದ ಕ್ಷೀಣ ದನಿಯನ್ನು ಹೆಕ್ಕಿ ಕೊಡುವುದರಲ್ಲಿ ಆ ಹಳಬರೇ ಮೇಲು. ನಲವತ್ತು ವರ್ಷದ ಸೆಟ್ ಇಂದಿಗೂ ತನ್ನ ಕೆಲಸವನ್ನು ಪೂರ್ತಿ ಮಾಡಬಲ್ಲುದು; ನಾಲ್ಕಾರು ಸೆಲ್ಲುಗಳ ಕಾರಣಕ್ಕೆ ಅದು ಕಸಕ್ಕೆ ಸೇರುವುದು ನಿಜಕ್ಕೂ ನಷ್ಟ.

ಈ ಹವ್ಯಾಸದ ಇನ್ನೊಂದು ಮುಖವೂ ಇದೆ. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಭಾರತಿ ಪ್ರಸಾದ್ ಅವರ ತಂಡ ಹ್ಯಾಮ್ ಪ್ರಸಾರಕ್ಕೆಂದು ಪೋರ್ಟ್ ಬ್ಲೇರ್‌ನಲ್ಲೇ ಇತ್ತು. ದೂರವಾಣಿ ಕಡಿದುಹೋದ ಅಂಡಮಾನ್-ನಿಕೋಬಾರ್‌ನಿಂದ ಸುದ್ದಿ ಹೊರಗೆ ಮುಟ್ಟಲು ಅವರ ಸೆಟ್ಟುಗಳು ದಾರಿಯಾದವು. ವಿಪತ್ತಿನಲ್ಲಿ ಮೊದಲು ಹೋಗುವುದೇ ಕರೆಂಟು. ಆಮೇಲೆ ಉಳಿಯುವುದು ಬ್ಯಾಟರಿಯಲ್ಲಿ ಎಷ್ಟಿದೆಯೋ ಅಷ್ಟೇ.

ಪ್ಯಾಕಿನೊಳಗೆ ಏನಿರುತ್ತದೆ ಎಂಬುದಕ್ಕೆ ಐಕಾಮ್‌ನ ಐಸಿ-2ಎ ಒಳ್ಳೆಯ ಉದಾಹರಣೆ. 1980ರ ದಶಕದ ಆರಂಭದ ಈ ಸೆಟ್ಟಿನಲ್ಲಿ ಫ್ರೀಕ್ವೆನ್ಸಿಯನ್ನು ನೆತ್ತಿಯ ಮೇಲಿನ ಪುಟ್ಟ ಅಂಕಿಚಕ್ರಗಳನ್ನು ಹೆಬ್ಬೆರಳಿನಿಂದ ತಿರುಗಿಸಿ ಕೂರಿಸಬೇಕು. ಪ್ಯಾಕ್ ಅಡಿಯಿಂದ ಜಾರಿ ಕೂರುತ್ತದೆ. ಜೊತೆಗೆ ಬರುತ್ತಿದ್ದ ಬಿಪಿ-3 ಪ್ಯಾಕಿನಲ್ಲಿ ಏಳು ನಿಕಲ್-ಕ್ಯಾಡ್ಮಿಯಂ ಸೆಲ್ಲುಗಳು: ತಲಾ 1.2 ವೋಲ್ಟಿನಂತೆ 8.4 ವೋಲ್ಟ್, ಸಾಮರ್ಥ್ಯ 250 ಎಂಎಎಚ್. ಅಂದರೆ 250 ಮಿಲಿಆಂಪಿಯರ್ ಎಳೆದರೆ ಒಂದು ಗಂಟೆ ಬಾಳುವಷ್ಟು. ಒಂದೂವರೆ ವಾಟ್ ಪ್ರಸಾರಕ್ಕೆ ಸೆಟ್ ಅರ್ಧ ಆಂಪಿಯರ್ ಎಳೆಯುತ್ತಿದ್ದರಿಂದ ಬಿಡದೆ ಮಾತಾಡಿದರೆ ಅರ್ಧ ಗಂಟೆ. ಆ ಪ್ಯಾಕಿನ ಒಟ್ಟು ಶಕ್ತಿ 2.1 ವಾಟ್-ಅವರ್. ಇಂದಿನ ಎಎ ಗಾತ್ರದ ಏಳು ಒಳ್ಳೆಯ ಸೆಲ್ಲುಗಳಲ್ಲಿ ಹದಿನಾರಕ್ಕೂ ಹೆಚ್ಚು ವಾಟ್-ಅವರ್ ಇರುತ್ತದೆ. ಸೆಟ್ ಮುದಿಯಾದಂತೆ ಅದಕ್ಕೆ ಸಿಗುವ ಆಹಾರ ಎಂಟು ಪಟ್ಟು ಹೆಚ್ಚಿದೆ. ರಿಪೇರಿ ಮಾಡುವವರ ಉತ್ಸಾಹಕ್ಕೆ ಇದೇ ಮುಖ್ಯ ಕಾರಣ.

ನಿಕಲ್-ಕ್ಯಾಡ್ಮಿಯಂ, ಹ್ಯಾಮ್‌ಗಳ ಬಾಯಲ್ಲಿ ನೈಕ್ಯಾಡ್, ಚಿಕ್ಕ ವಯಸ್ಸಿನದೇನಲ್ಲ. ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ಇದನ್ನು ರೂಪಿಸಿದ್ದು. ಗಾಳಿಯಾಡದಂತೆ ಮುಚ್ಚಿದ ಸೆಲ್ಲು 1940ರ ದಶಕದ ಕೊನೆಗೆ ಬಂದ ಮೇಲೆ ಅದು ಕೈಯಲ್ಲಿ ಹಿಡಿಯುವ ಯಂತ್ರಗಳಿಗೆ ಒಗ್ಗಿತು. ಒರಟು ಬಾಳು ಸಹಿಸುತ್ತದೆ, ಚಳಿಗೆ ಅಂಜುವುದಿಲ್ಲ, ಒಮ್ಮೆಲೇ ಹೆಚ್ಚು ಕರೆಂಟು ಕೊಡುತ್ತದೆ. ಅದರ ಸಾವು ಮಾತ್ರ ಹಲವು ಬಗೆಯದು, ರಿಪೇರಿಗೆ ಕೂತವರು ಮೊದಲು ಅದನ್ನು ಗುರುತಿಸಬೇಕು.

ಅತಿ ಸಾಮಾನ್ಯವಾದದ್ದು ಸಾಲಿನಲ್ಲಿ ಒಂದು ಸೆಲ್ಲು ಸೋಲುವುದು. ಏಳು ಸೆಲ್ಲುಗಳು ಒಂದರ ಬೆನ್ನಿಗೊಂದು ಕೂತಿರುವಾಗ ಎಲ್ಲದರ ಮೂಲಕವೂ ಒಂದೇ ಕರೆಂಟು ಹರಿಯಬೇಕು. ಅವುಗಳಲ್ಲಿ ಬಡಪಾಯಿಯಾದದ್ದು ಮೊದಲು ಬರಿದಾಗುತ್ತದೆ. ಉಳಿದ ಆರು ಇನ್ನೂ ತಳ್ಳುತ್ತಿರುತ್ತವೆ. ಬರಿದಾದ ಸೆಲ್ಲಿನ ಧ್ರುವವೇ ತಿರುಗಿಬೀಳುತ್ತದೆ, ಒಳಗೆ ಅನಿಲ ಹುಟ್ಟುತ್ತದೆ, ಒತ್ತಡ ಹೆಚ್ಚಿ ಕವಾಟ ಬಿಟ್ಟುಕೊಳ್ಳುತ್ತದೆ, ದ್ರವ ಹೊರಗೆ ಹೋಗುತ್ತದೆ. ಹೀಗೆ ನಾಲ್ಕಾರು ಸಲ ಆದರೆ ಆ ಸೆಲ್ಲು ಪೂರ್ತಿ ಮುಗಿಯಿತು. ಟಾರ್ಚ್ ಮಂಕಾದರೂ ಬಿಡದೆ ಉರಿಸುವ ನಮ್ಮ ಅಭ್ಯಾಸ ರೇಡಿಯೊ ಪ್ಯಾಕಿಗೆ ವಿಷ. ಪ್ಯಾಕಿನ ವೋಲ್ಟೇಜು ಸೆಲ್ಲಿಗೆ ಒಂದರಂತೆ, ಅಂದರೆ ಏಳು ಸೆಲ್ಲಿಗೆ ಏಳು ವೋಲ್ಟಿಗೆ ಇಳಿದಾಗ ನಿಲ್ಲಿಸಿದರೆ ಈ ಅನಾಹುತ ಬಹುಮಟ್ಟಿಗೆ ತಪ್ಪುತ್ತದೆ.

ಇನ್ನು 'ಮೆಮೊರಿ'. ಪೂರ್ತಿ ಖಾಲಿ ಮಾಡದೆ ಚಾರ್ಜ್ ಮಾಡಿದರೆ ಬ್ಯಾಟರಿ ಆ ಮಟ್ಟವನ್ನೇ ನೆನಪಿಟ್ಟುಕೊಳ್ಳುತ್ತದೆ ಎಂಬ ಮಾತು ಮನೆಮನೆಯಲ್ಲೂ ಇದೆ. ನಿಜವಾದ ಮೆಮೊರಿ ಕಾಣಿಸಿಕೊಂಡದ್ದು ಉಪಗ್ರಹಗಳಂಥ ಕಡೆ. ಅಲ್ಲಿ ಪ್ರತಿ ಸುತ್ತಿನಲ್ಲೂ ಕರಾರುವಾಕ್ಕಾಗಿ ಅಷ್ಟೇ ಪ್ರಮಾಣ ಖರ್ಚಾಗಿ ಅಷ್ಟೇ ತುಂಬುತ್ತಿತ್ತು. ಮನುಷ್ಯರು ರೇಡಿಯೊ ಬಳಸುವ ರೀತಿಯಲ್ಲಿ ಅಂಥ ನಿಖರತೆ ಇರುವುದಿಲ್ಲ. ನಮ್ಮ ಪ್ಯಾಕುಗಳಲ್ಲಿ ಅದೇ ಹೆಸರಿನಲ್ಲಿ ಓಡಾಡುವ ರೋಗ ಬೇರೆ: ದಿನಗಟ್ಟಲೆ ಚಾರ್ಜರಿನಲ್ಲೇ ಬಿಟ್ಟಾಗ ಒಳಗಿನ ಹರಳುಗಳು ದಪ್ಪವಾಗಿ ವೋಲ್ಟೇಜು ತುಸು ತಗ್ಗುತ್ತದೆ. ಇದು ವಾಸಿಯಾಗುವ ಕಾಯಿಲೆ. ಸಾಮರ್ಥ್ಯದ ಹತ್ತನೇ ಒಂದರಷ್ಟು ಕರೆಂಟಿನಲ್ಲಿ ಹದಿನಾಲ್ಕು-ಹದಿನಾರು ಗಂಟೆ ನಿಧಾನ ಚಾರ್ಜು, ಆಮೇಲೆ ಸೆಲ್ಲಿಗೆ ಒಂದು ವೋಲ್ಟಿನವರೆಗೆ ಇಳಿಕೆ, ಹೀಗೆ ಎರಡು-ಮೂರು ಆವರ್ತ ಮಾಡಿದರೆ ಮಂಕಾದ ಪ್ಯಾಕ್ ಎಷ್ಟೋ ಸಲ ಚೇತರಿಸಿಕೊಳ್ಳುತ್ತದೆ. ಪ್ರತಿ ಸಲ ಎಷ್ಟು ಎಂಎಎಚ್ ಹೊರಬಂತೆಂದು ಬರೆದಿಡಬೇಕು. ಮೂರನೇ ಸುತ್ತಿಗೂ ಮೊದಲಿನ ಸಾಮರ್ಥ್ಯದ ಮುಕ್ಕಾಲು ಭಾಗ ಮುಟ್ಟದಿದ್ದರೆ ನಾಲ್ಕನೆಯದರಿಂದ ಏನೂ ಆಗುವುದಿಲ್ಲ.

ಮೂರನೆಯ ಸಾವು ಕೂದಲೆಳೆಯಿಂದ ಬರುವಂಥದು. ಖಾಲಿಯಾಗಿ ಬಹುಕಾಲ ಬಿದ್ದಿದ್ದ ನೈಕ್ಯಾಡ್ ಸೆಲ್ಲಿನಲ್ಲಿ ಕ್ಯಾಡ್ಮಿಯಂನ ಸಣ್ಣ ಎಳೆಗಳು ಬೆಳೆದು, ಎರಡು ಫಲಕಗಳ ನಡುವಿನ ಪರದೆಯನ್ನು ತೂರಿ ಒಳಗೇ ಶಾರ್ಟ್ ಮಾಡುತ್ತವೆ. ಮೀಟರಿನಲ್ಲಿ ಸೊನ್ನೆ. ಇಂಥ ಶಾರ್ಟ್ ಏನೆಲ್ಲ ಮಾಡಬಲ್ಲುದು ಎಂಬುದಕ್ಕೆ ಹ್ಯಾಮ್‌ಗಳ ಲೋಕದಲ್ಲೇ ಒಂದು ಅಪೂರ್ವ ಕಥೆ ಇದೆ. 1974ರ ನವೆಂಬರ್ 15ರಂದು ಹಾರಿದ ಹವ್ಯಾಸಿ ಉಪಗ್ರಹ ಆಸ್ಕರ್-7 ಆರೂವರೆ ವರ್ಷ ದುಡಿದು 1981ರಲ್ಲಿ ಮೌನವಾಯಿತು. ಅದರ ಬ್ಯಾಟರಿ ಶಾರ್ಟ್ ಆಗಿತ್ತು. ಸೌರ ಫಲಕಗಳು ಕೊಟ್ಟ ಕರೆಂಟನ್ನೆಲ್ಲ ಅದೇ ನುಂಗುತ್ತಿತ್ತು. ಇಪ್ಪತ್ತೊಂದು ವರ್ಷ ಯಾರಿಗೂ ಅದರ ದನಿ ಕೇಳಿಸಲಿಲ್ಲ. 2002ರ ಜೂನ್ 21ರಂದು ಇಂಗ್ಲೆಂಡಿನ ಒಬ್ಬ ಹ್ಯಾಮ್ ಕಿವಿಗೆ ಹಳೆಯ ಮೋರ್ಸ್ ಬೀಕನ್ ಬಿತ್ತು. ಶಾರ್ಟ್ ಆಗಿದ್ದ ಸೆಲ್ಲು ಪೂರ್ತಿ ಕಡಿದುಹೋಗಿ ತೆರೆದ ಸರ್ಕಿಟ್ಟಾಗಿತ್ತು. ಬ್ಯಾಟರಿಯ ಹಂಗು ತಪ್ಪಿ ಉಪಗ್ರಹ ಬಿಸಿಲಿನಲ್ಲಿ ಮಾತ್ರ ಮಾತಾಡತೊಡಗಿತು. ನೆರಳಿಗೆ ಹೋದರೆ ಮಲಗುತ್ತದೆ, ಬಿಸಿಲಿಗೆ ಬಂದರೆ ಏಳುತ್ತದೆ. ಸೆಟ್ ಸತ್ತಿಲ್ಲ, ಪ್ಯಾಕ್ ಸತ್ತಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ನೆಲದ ಮೇಲೆ ಅದೇ ಎಳೆಯನ್ನು ಸುಡುವ ಉಪಾಯಕ್ಕೆ 'ಜ್ಯಾಪ್' ಮಾಡುವುದು ಎನ್ನುತ್ತಾರೆ. ದೊಡ್ಡ ಕೆಪ್ಯಾಸಿಟರ್ ಒಂದಕ್ಕೆ ಚಾರ್ಜು ತುಂಬಿ, ಸತ್ತ ಸೆಲ್ಲಿನ ಎರಡು ತುದಿಗೆ ಕ್ಷಣಕಾಲ ಮುಟ್ಟಿಸುವುದು. ಎಳೆ ಉರಿದುಹೋಗಿ ಸೊನ್ನೆಯಿದ್ದ ಮೀಟರು 1.2ಕ್ಕೆ ಹಾರುತ್ತದೆ. ನೋಡುವವರಿಗೆ ಪವಾಡ. ಆದರೆ ಪರದೆಯಲ್ಲಿ ಬಿದ್ದ ತೂತು ಹಾಗೇ ಇರುತ್ತದೆ. ವಾರಗಳಲ್ಲೋ ತಿಂಗಳುಗಳಲ್ಲೋ ಅದೇ ಜಾಗದಲ್ಲಿ ಹೊಸ ಎಳೆ ಬೆಳೆಯುತ್ತದೆ. ಅಪರೂಪಕ್ಕೆ ಹೊರತೆಗೆದು ಕೇಳುವ ಸೆಟ್ಟಿಗೆ ಇದು ನಡೆದೀತು. ತುರ್ತು ಕೆಲಸಕ್ಕೆ, ಟ್ರೆಕ್ಕಿಂಗಿಗೆ, ರ್ಯಾಲಿಯ ಸಂಪರ್ಕಕ್ಕೆ ಒಯ್ಯುವ ಸೆಟ್ಟಿನಲ್ಲಿ ಜ್ಯಾಪ್ ಮಾಡಿದ ಸೆಲ್ಲನ್ನು ನಂಬುವುದು ತಪ್ಪು. ಲಿಥಿಯಂ ಸೆಲ್ಲಿನ ಮೇಲಂತೂ ಈ ಪ್ರಯೋಗ ಮಾಡಲೇಬಾರದು, ಬೆಂಕಿ ಹತ್ತೀತು.

ಹಾಗಾದರೆ ಸತ್ತ ಒಂದು ಸೆಲ್ಲನ್ನಷ್ಟೇ ಬದಲಿಸಿದರೆ ಆಗದೇ? ಅಗ್ಗವೆಂದು ಹಾಗೆ ಮಾಡುವವರಿದ್ದಾರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಗತಿ ಅದರದು. ಹೊಸದರ ಸಾಮರ್ಥ್ಯ ಒಂದು, ಮುದಿ ಆರರದು ಇನ್ನೊಂದು. ಮತ್ತೆ ಯಾವುದೋ ಒಂದು ಮೊದಲು ಬರಿದಾಗಿ ಧ್ರುವ ತಿರುಗುತ್ತದೆ. ಪ್ಯಾಕ್ ಬಿಚ್ಚಿದ ಮೇಲೆ ಎಲ್ಲ ಸೆಲ್ಲುಗಳನ್ನೂ ಒಂದೇ ಕಂಪನಿಯ, ಒಂದೇ ಬ್ಯಾಚಿನ ಹೊಸದಕ್ಕೆ ಬದಲಿಸುವುದೇ ಸರಿ.

ಬಿಚ್ಚುವುದೇ ಒಂದು ಕಸುಬು. ಸ್ಕ್ರೂ ಇದ್ದ ಪ್ಯಾಕುಗಳು ಪುಣ್ಯವಂತರ ಪಾಲಿನವು. ಬಹುಪಾಲು ಪ್ಯಾಕುಗಳ ಎರಡು ಹೋಳುಗಳನ್ನು ಕಾರ್ಖಾನೆಯಲ್ಲಿ ಅಂಟಿಸಿ ಅಥವಾ ಕಂಪನದ ಶಾಖದಿಂದ ಬೆಸೆದು ಮುಚ್ಚಿರುತ್ತಾರೆ. ಕೆಲವರು ನೈಕ್ಯಾಡ್ ಪ್ಯಾಕನ್ನು ಕೆಲವು ಗಂಟೆ ಫ್ರೀಜರಿನಲ್ಲಿಟ್ಟು, ಅಂಟು ಪೆಡಸಾದ ಮೇಲೆ ಜೋಡಣೆಯ ಗೆರೆಯುದ್ದಕ್ಕೂ ಮರದ ತುಂಡಿನಿಂದ ಮೆಲ್ಲಗೆ ತಟ್ಟುತ್ತಾರೆ. ಕೆಲವರು ವೈಸಿನಲ್ಲಿ ಹಿಡಿದು ಮೂಲೆಗಳನ್ನು ಹದವಾಗಿ ಒತ್ತಿ ಬಿರುಕು ತರಿಸುತ್ತಾರೆ. ಎರಡಕ್ಕೂ ಜಗ್ಗದಿದ್ದರೆ ಸಣ್ಣ ಹಲ್ಲಿನ ಗರಗಸ, ಅದನ್ನೂ ಸೆಲ್ಲಿಗೆ ತಾಗದಂತೆ ಒಂದೆರಡು ಮಿಲಿಮೀಟರಿಗಿಂತ ಆಳಕ್ಕೆ ಇಳಿಸದೆ. ಒಳಗೆ ಬಿಳಿ ಪುಡಿ ಕಂಡರೆ ಸೋರಿದ ಕ್ಷಾರ ಗಾಳಿ ಸೇರಿ ಗಟ್ಟಿಯಾದದ್ದು ಎಂದರ್ಥ. ಕೈಗವಸು, ಕನ್ನಡಕ ಬೇಕು. ಸೆಟ್ಟಿನ ಸಂಪರ್ಕಗಳ ಮೇಲೂ ಅದು ಹರಡಿದ್ದರೆ ವಿನಿಗರ್ ಅಥವಾ ನಿಂಬೆರಸ ತೊಟ್ಟಿಕ್ಕಿದ ಬಟ್ಟೆಯಲ್ಲಿ ಒರೆಸಿ, ಆಮೇಲೆ ಸ್ಪಿರಿಟ್ಟಿನಲ್ಲಿ ತೊಳೆದರೆ ಹೋಗುತ್ತದೆ. ಎಷ್ಟೋ ಸೆಟ್ಟುಗಳ 'ಬ್ಯಾಟರಿ ಕಾಯಿಲೆ' ಈ ಹಸಿರುಗಟ್ಟಿದ ತಗಡನ್ನು ಉಜ್ಜಿದಾಗಲೇ ವಾಸಿಯಾಗಿದೆ, ಪ್ಯಾಕ್ ಬಿಚ್ಚುವ ಮೊದಲು ಅದನ್ನೊಮ್ಮೆ ನೋಡುವುದು ಜಾಣತನ.

ಹೊಸ ಸೆಲ್ಲನ್ನು ಜೋಡಿಸುವಾಗ ಹೆಚ್ಚಿನವರು ಎಡವುವುದು ಬೆಸುಗೆಯಲ್ಲಿ. ಸೆಲ್ಲಿನ ಬೆನ್ನಿಗೆ ನೇರವಾಗಿ ಸೋಲ್ಡರಿಂಗ್ ಐರನ್ ಹಿಡಿದು ಸೀಸ ಕರಗಿಸುತ್ತ ಕೂತರೆ ಒಳಗಿನ ಪ್ಲಾಸ್ಟಿಕ್ ಮುದ್ರೆ ಮತ್ತು ಪರದೆ ಬೇಯುತ್ತವೆ. ಹೊಸ ಸೆಲ್ಲು ಅರ್ಧ ಆಯುಸ್ಸು ಕಳೆದುಕೊಂಡೇ ಪ್ಯಾಕಿಗೆ ಸೇರುತ್ತದೆ. ಮೊದಲೇ ನಿಕಲ್ ಪಟ್ಟಿ ಹಚ್ಚಿದ ಸೆಲ್ಲುಗಳು ಸಿಗುತ್ತವೆ, ಬೆಸುಗೆ ಆ ಪಟ್ಟಿಗೆ. ಇಲ್ಲವೆಂದರೆ ಸ್ಪಾಟ್ ವೆಲ್ಡಿಂಗ್. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಬಜಾರಿನಲ್ಲಿ ಡ್ರಿಲ್ ಯಂತ್ರ, ಎಲೆಕ್ಟ್ರಿಕ್ ಸ್ಕೂಟರುಗಳ ಪ್ಯಾಕ್ ಕಟ್ಟಿಕೊಡುವವರಿಗೆ ಏಳು ಸೆಲ್ಲಿನ ಸಾಲು ಐದು ನಿಮಿಷದ ಕೆಲಸ.

ಹಳೆಯ ಪ್ಯಾಕಿನಲ್ಲಿ ಸೆಲ್ಲುಗಳ ನಡುವೆ ಸಿಕ್ಕಿಕೊಂಡಿರುವ ಇನ್ನೊಂದು ಪುಟ್ಟ ವಸ್ತುವನ್ನು ಕಸವೆಂದು ಎಸೆಯಬಾರದು. ಅದು ಥರ್ಮಿಸ್ಟರ್ ಅಥವಾ ಶಾಖಕ್ಕೆ ಕಡಿಯುವ ಸ್ವಿಚ್ಚು. ಚಾರ್ಜು ತುಂಬಿತೆಂದು ಕೆಲವು ವೇಗದ ಚಾರ್ಜರುಗಳಿಗೆ ತಿಳಿಯುವುದೇ ಅದರ ಮೂಲಕ. ಅದನ್ನು ಹೊಸ ಸೆಲ್ಲಿನ ಮೈಗೆ ತಾಗುವಂತೆ ಅದೇ ಜಾಗದಲ್ಲಿ ಕೂರಿಸಬೇಕು. ಆಮೇಲೆ ಪ್ಯಾಕಿನ ಬಾಯಿ ಮುಚ್ಚುವುದು ಅವಸರದಲ್ಲಿ ಆಗಬಾರದು. ಎರಡು ಹೋಳನ್ನು ಇನ್ಸುಲೇಶನ್ ಟೇಪಿನಲ್ಲಿ ಸುತ್ತಿ ಮೂರು-ನಾಲ್ಕು ಆವರ್ತ ಓಡಿಸಿ, ಎಲ್ಲ ಸರಿ ಅನಿಸಿದ ಮೇಲೆ ಅಂಟು. ಅದೂ ಅಲ್ಲಲ್ಲಿ ಒಂದೊಂದು ಹನಿ. ಮುಂದೆ ಬಿಚ್ಚುವ ಕೈ ಯಾರದೋ, ಅವರಿಗೊಂದು ದಾರಿ ಇರಲಿ.

ನೈಕ್ಯಾಡಿನ ಜಾಗಕ್ಕೆ ಈಗ ಹಾಕುವುದು ನಿಕಲ್-ಮೆಟಲ್ ಹೈಡ್ರೈಡ್. ವೋಲ್ಟೇಜು ಅದೇ 1.2, ಸಾಮರ್ಥ್ಯ ಹಲವು ಪಟ್ಟು. 1990ರ ಸುಮಾರಿಗೆ ಮಾರುಕಟ್ಟೆಗೆ ಬಂದಾಗ ಇದಕ್ಕೊಂದು ದೊಡ್ಡ ದೋಷವಿತ್ತು, ಸುಮ್ಮನಿಟ್ಟರೂ ತಿಂಗಳಲ್ಲಿ ಕಾಲು ಭಾಗದಷ್ಟು ಸೋರಿಹೋಗುತ್ತಿತ್ತು. ಬೇಕಾದಾಗ ಕೈಗೆ ಸಿಗಬೇಕಾದ ರೇಡಿಯೊಗೆ ಇದು ಒಗ್ಗದ ಗುಣ. 2005ರಲ್ಲಿ ಜಪಾನಿನ ಸ್ಯಾನ್ಯೊ ಎನೆಲೂಪ್ ಸೆಲ್ಲು ತಂದಾಗ ಆ ಕೊರತೆ ನೀಗಿತು. ವರ್ಷ ಕಳೆದರೂ ಬಹುಪಾಲು ಚಾರ್ಜು ಉಳಿಯುವಂತಾಯಿತು. ಹಳೆಯ ಹ್ಯಾಂಡಿಗಳ ಮಟ್ಟಿಗೆ ಕಳೆದ ಇಪ್ಪತ್ತು ವರ್ಷಗಳ ಅತಿ ದೊಡ್ಡ ಸುಧಾರಣೆ ಇದೇ.

ಸೆಲ್ಲು ಬದಲಾಯಿತು, ಚಾರ್ಜರ್ ಹಳೆಯದೇ ಉಳಿಯಿತು. ಇಲ್ಲಿಂದ ಹೊಸ ತೊಡಕು. ಪೆಟ್ಟಿಗೆಯಲ್ಲಿ ಬರುತ್ತಿದ್ದ ಗೋಡೆ ಚಾರ್ಜರುಗಳಲ್ಲಿ ಟ್ರಾನ್ಸ್‌ಫಾರ್ಮರ್, ಡಯೋಡ್, ಒಂದು ರೆಸಿಸ್ಟರ್ ಬಿಟ್ಟರೆ ಬೇರೆ ಬುದ್ಧಿ ಇರಲಿಲ್ಲ. 450 ಎಂಎಎಚ್ ಪ್ಯಾಕಿಗೆಂದು 45 ಮಿಲಿಆಂಪಿಯರ್ ಹರಿಸುವ ಚಾರ್ಜರಿಗೆ 2,000 ಎಂಎಎಚ್ ಸೆಲ್ಲು ಒಡ್ಡಿದರೆ, ನಷ್ಟವನ್ನೂ ಸೇರಿಸಿ ಲೆಕ್ಕ ಹಾಕಿದಾಗ ಅರವತ್ತೆರಡು ಗಂಟೆ ಬೇಕು. 'ಹೊಸ ಸೆಲ್ಲು ಹಾಕಿಸಿದರೂ ಚಾರ್ಜ್ ನಿಲ್ಲೋದಿಲ್ಲ' ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ: ರಾತ್ರಿ ಹಾಕಿ ಬೆಳಿಗ್ಗೆ ತೆಗೆದಿದ್ದಾರೆ. ವೇಗದ ಚಾರ್ಜರುಗಳ ಸಮಸ್ಯೆ ಇದಕ್ಕೆ ತದ್ವಿರುದ್ಧ. ಸೆಲ್ಲು ತುಂಬಿದಾಗ ವೋಲ್ಟೇಜು ತುದಿ ಮುಟ್ಟಿ ತುಸು ಇಳಿಯುತ್ತದೆ, ಆ ಇಳಿತ ಕಂಡು ಚಾರ್ಜರ್ ನಿಲ್ಲುತ್ತದೆ. ನೈಕ್ಯಾಡಿನಲ್ಲಿ ಈ ಇಳಿತ ಸೆಲ್ಲಿಗೆ 10ರಿಂದ 20 ಮಿಲಿವೋಲ್ಟ್; ಹೈಡ್ರೈಡಿನಲ್ಲಿ 5 ಅಥವಾ ಅದಕ್ಕೂ ಕಡಿಮೆ. ಹಳೆಯ ಚಾರ್ಜರಿಗೆ ಅದು ಕಾಣದೆ ಹೋಗಿ ಪ್ಯಾಕ್ ಕಾಯುತ್ತಲೇ ಇರುತ್ತದೆ. ಮರುಕಟ್ಟಿದ ಪ್ಯಾಕನ್ನು ಬೇರೆ, ಹೊಸ ಕಾಲದ ಚಾರ್ಜರಿನಲ್ಲಿ ತುಂಬುವುದೇ ಕ್ಷೇಮ.

ಲಿಥಿಯಂ ಅಯಾನಿನದು ಬೇರೆಯೇ ಪ್ರಪಂಚ. ಸೋನಿ 1991ರಲ್ಲಿ ಮಾರುಕಟ್ಟೆಗೆ ತಂದ ಈ ಸೆಲ್ಲು ಕೆಲವೇ ವರ್ಷಗಳಲ್ಲಿ ಹ್ಯಾಂಡಿಗಳಿಗೂ ಬಂತು. ಯೇಸುವಿನ ವಿಎಕ್ಸ್-5ಆರ್, ವಿಎಕ್ಸ್-7ಆರ್, ಕೆನ್‌ವುಡ್ಡಿನ ಟಿಎಚ್-ಎಫ್6ಎ ಆ ತಲೆಮಾರಿನವು. ಎರಡೇ ಸೆಲ್ಲಿಗೆ 7.4 ವೋಲ್ಟ್. ಹಗುರ, ತೆಳು. ಇದರ ಪ್ಯಾಕುಗಳು ಬಳಸದಿದ್ದರೂ ಮುದಿಯಾಗುತ್ತವೆ, ಪೂರ್ತಿ ತುಂಬಿಸಿ ಸೆಖೆಯಲ್ಲಿಟ್ಟರೆ ಇನ್ನೂ ಬೇಗ. ಮಂಗಳೂರು, ರಾಯಚೂರಿನ ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟ ಪ್ಯಾಕಿನ ಪಾಡು ಹೇಳಬೇಕಿಲ್ಲ. ಅರ್ಧ ಚಾರ್ಜಿನಲ್ಲಿ, ತಂಪು ಜಾಗದಲ್ಲಿ ಇಡುವುದು ಇದಕ್ಕಿರುವ ಒಂದೇ ಉಪಚಾರ.

ಪುನರುಜ್ಜೀವನದ ಮಾತು ಇಲ್ಲಿ ನಡೆಯುವುದಿಲ್ಲ. ಸೆಲ್ಲಿನ ವೋಲ್ಟೇಜು ಎರಡೂವರೆಗಿಂತ ಕೆಳಗಿಳಿದು ಹಾಗೇ ಬಹಳ ಕಾಲ ಬಿದ್ದಿದ್ದರೆ ಒಳಗಿನ ತಾಮ್ರದ ಹಾಳೆ ಕರಗಿ, ಮತ್ತೆ ಚಾರ್ಜು ಮಾಡುವಾಗ ಬೇಡದ ಜಾಗದಲ್ಲಿ ಕೂತು ಶಾರ್ಟಿಗೆ ದಾರಿ ಮಾಡುತ್ತದೆ. ಚಾರ್ಜರ್ ಒಪ್ಪದ ಅಂಥ ಪ್ಯಾಕನ್ನು ಬೇರೆ ವಿದ್ಯುತ್ತಿನಿಂದ ತಟ್ಟಿ ಎಬ್ಬಿಸುವ ವಿಡಿಯೊಗಳನ್ನು ನೋಡಿ ಮನೆಯಲ್ಲಿ ಮಾಡುವವರಿದ್ದಾರೆ. ಒಪ್ಪದಿರುವ ಚಾರ್ಜರೇ ಅಲ್ಲಿ ಸರಿಯಾಗಿ ನಡೆದುಕೊಳ್ಳುತ್ತಿರುವುದು. ಉಬ್ಬಿದ ಪ್ಯಾಕನ್ನು ಒಂದು ದಿನವೂ ಇಟ್ಟುಕೊಳ್ಳಬಾರದು. ಲಿಥಿಯಂ ಸೋತರೆ ಉಪಗ್ರಹಕ್ಕೂ ಅದೇ ಕೊನೆ: ಬೆಂಗಳೂರಿನ ಇಸ್ರೊ ಕಟ್ಟಿ, 2005ರ ಮೇ 5ರಂದು ಪಿಎಸ್ಎಲ್‌ವಿ-ಸಿ6ರಲ್ಲಿ ಕಾರ್ಟೊಸ್ಯಾಟ್-1ರ ಜೊತೆ ಹಾರಿದ ಹ್ಯಾಮ್‌ಸ್ಯಾಟ್ ಜಗತ್ತಿನ ಹ್ಯಾಮ್‌ಗಳಿಗೆ ಒಂಬತ್ತು ವರ್ಷ ಸೇವೆ ಕೊಟ್ಟು 2014ರ ಜುಲೈನಲ್ಲಿ ನಿಂತದ್ದು ಲಿಥಿಯಂ ಅಯಾನ್ ಬ್ಯಾಟರಿ ಸೋತಿದ್ದರಿಂದ.

ಲಿಥಿಯಂ ಪ್ಯಾಕನ್ನು ಮರುಕಟ್ಟಬಹುದು, ರಕ್ಷಣಾ ಸರ್ಕಿಟ್ಟಿನ ಸಣ್ಣ ಬೋರ್ಡನ್ನು ಉಳಿಸಿಕೊಂಡರೆ. ಅದು ಅತಿಯಾಗಿ ತುಂಬುವುದನ್ನೂ ಅತಿಯಾಗಿ ಬರಿದಾಗುವುದನ್ನೂ ತಡೆಯುತ್ತದೆ. ಕೆಲವರು ನೈಕ್ಯಾಡ್ ಕಾಲದ ಸೆಟ್ಟಿಗೇ ಲಿಥಿಯಂ ಹಾಕುತ್ತಾರೆ. 7.2 ವೋಲ್ಟಿನ ಸೆಟ್ಟಿಗೆ ಇದು ಹೇಳಿ ಮಾಡಿಸಿದಂತೆ ಹೊಂದುತ್ತದೆ: ಆರು ನಿಕಲ್ ಸೆಲ್ಲಿನ ಜಾಗಕ್ಕೆ ಎರಡು ಲಿಥಿಯಂ, ತುಂಬಿದಾಗ ಎರಡೂ 8.4 ವೋಲ್ಟಿನ ಆಸುಪಾಸು. ಐಸಿ-2ಎಯಂಥ 8.4 ವೋಲ್ಟಿನ ಸೆಟ್ಟಿಗೆ ಎರಡು ಸೆಲ್ಲು ಹಾಕಿದರೆ ಪ್ರಸಾರದ ಬಲ ತುಸು ಕುಗ್ಗುತ್ತದೆ, ಮೂರು ಹಾಕಿದರೆ 12.6 ವೋಲ್ಟಾಗಿ ಸೆಟ್ಟಿಗೇ ಕುತ್ತು. ಹಳೆಯ ನೈಕ್ಯಾಡ್ ಚಾರ್ಜರಿಗೆ ಮಾತ್ರ ಆ ಪ್ಯಾಕನ್ನು ಎಂದೂ ಚುಚ್ಚಬಾರದು. ಮನೆಯಲ್ಲಿ ಇನ್ನೊಬ್ಬರು ತಿಳಿಯದೆ ಚುಚ್ಚಿಯಾರೆಂಬ ಕಾರಣಕ್ಕೇ ಈ ಮಾರ್ಪಾಟಿಗಿಂತ ನಿಕಲ್ ಸೆಲ್ಲೇ ಲೇಸು.

ಕೊಳ್ಳುವಾಗಿನ ಮೋಸವೂ ಲಿಥಿಯಂನಲ್ಲೇ ಹೆಚ್ಚು. 18650 ಎಂಬ ಗಾತ್ರದ ಸೆಲ್ಲು, 18 ಮಿಲಿಮೀಟರ್ ದಪ್ಪ, 65 ಉದ್ದ, ಎಷ್ಟೇ ಒಳ್ಳೆಯದಾದರೂ 3,500 ಎಂಎಎಚ್ ಸುತ್ತಮುತ್ತ ನಿಲ್ಲುತ್ತದೆ. 9,900 ಎಂದು ಮುದ್ರಿಸಿದ ಸೆಲ್ಲುಗಳು ರಾಶಿ ರಾಶಿ ಸಿಗುತ್ತವೆ. ಅಸಲಿಯ ತೂಕ 45 ಗ್ರಾಮಿನ ಮೇಲೆ. ಅಡುಗೆಮನೆಯ ತಕ್ಕಡಿಯಲ್ಲಿ 30 ತೂಗಿದರೆ ಮುಂದಿನ ಪರೀಕ್ಷೆಯೇ ಬೇಡ. ಬಿಐಎಸ್ ಗುರುತು ಇದೆಯೇ ಎಂದೂ ನೋಡಬೇಕು. ಹೆಸರಾಂತ ಸೆಟ್ಟುಗಳಿಗೆ 'ಹೊಂದುವ' ಪ್ಯಾಕುಗಳೆಂದು ಮಾರುವವುಗಳಲ್ಲಿ ಒಳ್ಳೆಯವೂ ಇವೆ, ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದು ಹುಟ್ಟುವಾಗಲೇ ಮುದಿಯಾದವೂ ಇವೆ. ವಿದೇಶದಿಂದ ತರಿಸೋಣವೆಂದರೆ ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಬಿಡಿ ಲಿಥಿಯಂ ಅಯಾನ್ ಬ್ಯಾಟರಿ ಸಾಗಿಸುವುದು 2016ರ ಏಪ್ರಿಲ್‌ನಿಂದ ನಿಷಿದ್ಧ. ಅಮೆರಿಕದಿಂದ ಬರುವ ನೆಂಟರು ತಂದುಕೊಡಬಹುದು, ಆದರೆ ಬಿಡಿ ಪ್ಯಾಕು ಕೈಚೀಲದಲ್ಲಿರಬೇಕು, ಚೆಕ್-ಇನ್ ಸೂಟ್‌ಕೇಸಿನಲ್ಲಲ್ಲ. ತುದಿಗಳಿಗೆ ಟೇಪು ಹಚ್ಚಿರಬೇಕು.

ಇಷ್ಟೆಲ್ಲ ತಾಪತ್ರಯಕ್ಕೆ ನಲವತ್ತು ವರ್ಷದ ಹಿಂದೆಯೇ ತಯಾರಕರು ಒಂದು ಸರಳ ಉತ್ತರ ಕೊಟ್ಟಿದ್ದರು ಎಂಬುದು ಗಮನಿಸಬೇಕಾದ ಸಂಗತಿ. ಐಸಿ-2ಎಗೆ ಬಿಪಿ-4 ಎಂಬ ಖಾಲಿ ಡಬ್ಬಿ ಸಿಗುತ್ತಿತ್ತು, ಆರು ಎಎ ಸೆಲ್ಲು ಹಾಕಿಕೊಳ್ಳಲು. ಆಮೇಲೆ ಬಂದ ಯೇಸು ಎಫ್‌ಟಿ-60ಆರ್‌ಗೆ ಎಫ್‌ಬಿಎ-25ಎ. ಯಾವ ಹಳ್ಳಿಯ ಅಂಗಡಿಯಲ್ಲೂ ಸಿಗುವ ಸೆಲ್ಲಿನಿಂದ ರೇಡಿಯೊ ನಡೆಯುತ್ತದೆ. ಆರು ಎನೆಲೂಪಿನಂಥ ಸೆಲ್ಲುಗಳನ್ನು ಹಾಕಿದರೆ 7.2 ವೋಲ್ಟ್, 2,000 ಎಂಎಎಚ್. ಎಫ್‌ಟಿ-60ಆರ್‌ನ ಮೂಲ 1,400 ಎಂಎಎಚ್ ಪ್ಯಾಕಿಗಿಂತ ಹೆಚ್ಚು. ಚಾರ್ಜಿಗೆ ಸೆಲ್ಲುಗಳನ್ನು ಹೊರತೆಗೆಯಬೇಕೆಂಬುದು ಒಂದೇ ತೊಂದರೆ. ಹಳೆಯ ಸೆಟ್ ಕೊಳ್ಳುವವರು ಮೊದಲು ಕೇಳಬೇಕಾದದ್ದು ಈ ಡಬ್ಬಿ ಇದೆಯೇ ಎಂದು. ಸೆಟ್ಟಿನ ಅಂದಚಂದ ಆಮೇಲೆ. ಒಂದು ಎಚ್ಚರ ಮಾತ್ರ ತಪ್ಪಬಾರದು. ಎಎ ಗಾತ್ರದಲ್ಲೇ 14500 ಎಂಬ ಲಿಥಿಯಂ ಸೆಲ್ಲು ಸಿಗುತ್ತದೆ. ನೋಡಲು ಅವಳಿ, ವೋಲ್ಟೇಜು 3.7. ಅಂಥ ಆರನ್ನು ಡಬ್ಬಿಗೆ ತುಂಬಿದರೆ 22 ವೋಲ್ಟು ಮೀರಿ ಸೆಟ್ ಸುಟ್ಟೇ ಹೋಗುತ್ತದೆ.

ಮನೆಯಲ್ಲೇ ಕೂತು ಬಳಸುವವರಿಗೆ ಸತ್ತ ಪ್ಯಾಕಿನ ಹೊರಕವಚವೇ ಸಾಕು. ಸೆಲ್ಲುಗಳನ್ನು ತೆಗೆದು, ಒಳಗೊಂದು ಫ್ಯೂಸು ಮತ್ತು ವೋಲ್ಟೇಜು ಇಳಿಸುವ ಸಣ್ಣ ಬೋರ್ಡು ಕೂರಿಸಿ, ಯುಪಿಎಸ್ಸಿನ 12 ವೋಲ್ಟ್ ಬ್ಯಾಟರಿಯಿಂದ ತಂತಿ ಎಳೆದರೆ ದಿನಗಟ್ಟಲೆ ನಡೆಯುತ್ತದೆ. ಯೇಸುವಿನ ಎಫ್‌ಟಿ-23ಆರ್‌ನಂಥ ಕೆಲವು ಸೆಟ್ಟುಗಳು 12 ವೋಲ್ಟನ್ನು ನೇರವಾಗಿಯೇ ಸಹಿಸುತ್ತವೆ, ಎಲ್ಲವೂ ಅಲ್ಲ. ಕಾರಿನ ವೋಲ್ಟೇಜನ್ನು ತಗ್ಗಿಸಿ ಐಸಿ-2ಎಗೆ ಉಣಿಸಲು ಐಕಾಮ್ ಪ್ರತ್ಯೇಕ ಪ್ಯಾಕನ್ನೇ ಮಾಡಿತ್ತು.

ಬಿಚ್ಚಿ ತೆಗೆದ ಹಳೆಯ ಸೆಲ್ಲುಗಳು ಮೇಜಿನ ಮೂಲೆಯಲ್ಲಿ ಉಳಿಯುತ್ತವೆ. ಅವನ್ನು ಕಸದ ಬುಟ್ಟಿಗೆ ಹಾಕುವವರಿಗೆ ಜಪಾನಿನ ತೊಯಾಮಾ ಪ್ರಾಂತ್ಯದ ಜಿನ್‌ಜು ನದಿಯ ಹೆಸರು ತಿಳಿದಿರಬೇಕು. ಮೇಲಿನ ಗಣಿಯ ಕ್ಯಾಡ್ಮಿಯಂ ಆ ನದಿಗೆ ಸೇರಿ, ನದಿಯಿಂದ ಗದ್ದೆಗೆ, ಗದ್ದೆಯಿಂದ ಅನ್ನಕ್ಕೆ ಬಂತು. ಮೂಳೆಗಳು ಮೆತ್ತಗಾಗಿ ಮುರಿಯುವ ಆ ಕಾಯಿಲೆಗೆ ಊರವರು ಇಟ್ಟ ಹೆಸರು 'ಇಟಾಯ್ ಇಟಾಯ್', ನೋವು ನೋವು ಎಂದು. 1968ರಲ್ಲಿ ಜಪಾನ್ ಸರ್ಕಾರ ಅದನ್ನು ಮಾಲಿನ್ಯದಿಂದ ಬಂದ ರೋಗವೆಂದು ಒಪ್ಪಿಕೊಂಡಿತು. ಭಾರತದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಎಲ್ಲ ಬಗೆಯ ಬ್ಯಾಟರಿಗಳಿಗೂ ಅನ್ವಯಿಸುತ್ತವೆ, ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಬಳಸಿದವರ ಪಾಲಿನ ಕೆಲಸ ಸಣ್ಣದು: ಒಂದೊಂದು ಸೆಲ್ಲಿನ ಎರಡೂ ತುದಿಗೆ ಟೇಪು ಅಂಟಿಸಿ, ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು, ಇ-ತ್ಯಾಜ್ಯ ಸಂಗ್ರಹದವರ ಕೈಗೆ ಕೊಡುವುದು. ಆಮೇಲೆ ಹೊಸ ಪ್ಯಾಕಿನ ಬೆನ್ನಿಗೆ ಮಾರ್ಕರಿನಲ್ಲಿ ಮೂರು ಸಂಗತಿ ಬರೆದಿಡುವುದು: ಒಳಗೆ ಯಾವ ಸೆಲ್ಲಿದೆ, ಎಷ್ಟು ಎಂಎಎಚ್, ಕಟ್ಟಿದ ತಾರೀಖು ಯಾವುದು.